ಕಾಕಾನ ಕೆಂಪು ಕಾರು

ಮಂಗೇಶರಿಗೆ ಕಾರು ಬೇಕಿರಲಿಲ್ಲ. ಮಗಳು ಓಡಿಸುವ ಕಾರಂತೂ ಬೇಡವೇ ಬೇಡವಾಗಿತ್ತು. ಅವರ್ಸಾದ ಮನೆಯ ಜಗಲಿಯಲ್ಲಿ ಕುಳಿತು ಆ ಬೇಸಿಗೆ ಇಡೀ ಅವರು ಹೇಳಿದ್ದು ಅದೊಂದೇ ಮಾತು.

"ಹದಿನೆಂಟು ತುಂಬಿ ಮೂರು ತಿಂಗ್ಳಾಗ್ಲಿಲ್ಲ. ಅದ್ರ ಕೈಗೆ ಸ್ಟೇರಿಂಗ್ ಕೊಟ್ಟು ನಾ ಬಗಲಲ್ಲಿ ಕೂರೂದ? ಊರವ್ರು ನಗೂದಿಲ್ವ?"

"ಊರವ್ರು ನಕ್ರೆ ನಗ್ಲಿ," ಎನ್ನುತ್ತಿದ್ದಳು ಹೆಂಡತಿ ಕಲಾವತಿ. "ಇನ್ನೊಂದ್ಸಲ ಗಟಾರಕ್ಕೆ ಬಿದ್ರೆ ಎತ್ತೂಕೆ ಊರವ್ರು ಬತ್ರು ಅಂತ ಮಾಡಿದ್ರ?"

ಗಟಾರದ ಮಾತು ಬಂದ ಕೂಡಲೇ ಮಂಗೇಶ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಅವರು ಕಾರವಾರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಇಪ್ಪತ್ತೇಳು ವರ್ಷಗಳಿಂದ ದಿನವೂ ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದವರು. ಎರಡು ಸಾವಿರದ ಆರರ ಫೆಬ್ರವರಿಯಲ್ಲಿ ಒಂದು ಸಂಜೆ ಹಾರವಾಡದ ಹತ್ತಿರ ರಸ್ತೆ ಬಿಟ್ಟು ಮೋರಿಗೆ ಬಿದ್ದರು. ನಾಯಿ ಅಡ್ಡ ಬಂತು ಅಂದರು. ನಾಯಿ ಇರಲಿಲ್ಲ. ಕಾರವಾರದ ಕಣ್ಣಿನ ಡಾಕ್ಟರು ಒಂದೂವರೆ ತಾಸು ಪರೀಕ್ಷೆ ಮಾಡಿ, ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಗೆ ಇಳಿದಿದೆ, ಲೇಸರ್ ಮಾಡಿದರೆ ಉಳಿದದ್ದು ಉಳಿದೀತು, ಹೋದದ್ದು ಬರುವುದಿಲ್ಲ, ಇನ್ನು ಗಾಡಿ ಮುಟ್ಟಬೇಡಿ ಎಂದಿದ್ದರು. ಈ ಸುದ್ದಿ ಗೊತ್ತಿದ್ದದ್ದು ನಾಲ್ವರಿಗೇ: ಮಂಗೇಶ, ಕಲಾವತಿ, ಮಗಳು ಪ್ರೇಕ್ಷಾ, ಮತ್ತು ಕಚೇರಿಯಲ್ಲಿ ಪಕ್ಕದ ಮೇಜಿನ ತುಳಸಿದಾಸ. ಸಣ್ಣ ಅಕ್ಷರದ ಕಾಗದ ಬಂದರೆ ತುಳಸಿದಾಸ ಯಾರಿಗೂ ಕೇಳದ ಹಾಗೆ ಓದಿ ಹೇಳುತ್ತಿದ್ದ. ಮಂಗೇಶ ಸಹಿ ಹಾಕುತ್ತಿದ್ದರು.

"ಈ ಮನೆ ಹೊಸ್ಲು ದಾಟಿ ಈ ಮಾತು ಹೋಗೂಕಾಗ," ಎಂದು ಅವರು ಹೆಂಡತಿಗೂ ಮಗಳಿಗೂ ದೇವರ ಮುಂದೆ ನಿಲ್ಲಿಸಿ ಹೇಳಿದ್ದರು.

ಆಮೇಲೆ ಬಸ್ಸು. ಬಸ್ಸಿನ ಬೋರ್ಡು ಅವರಿಗೆ ಓದಲು ಬರುತ್ತಿರಲಿಲ್ಲ. ಯಾರನ್ನಾದರೂ ಕೇಳುವುದಕ್ಕೆ ಮರ್ಯಾದೆ ಅಡ್ಡ. ಒಂದು ದಿನ ಕಾರವಾರದ ನಿಲ್ದಾಣದಲ್ಲಿ ಅಂಕೋಲೆಯ ಬಸ್ಸೆಂದು ಹತ್ತಿ ಕೂತು ಎದುರು ದಿಕ್ಕಿನ ಸದಾಶಿವಗಡದ ಸೇತುವೆ ದಾಟಿದ ಮೇಲೆ ಗೊತ್ತಾಗಿ ಇಳಿದರು. ಮನೆಗೆ ಬಂದಾಗ ಅಂಗಿ ಬೆವರಿನಲ್ಲಿ ತೊಯ್ದಿತ್ತು. ಅವತ್ತು ಕಲಾವತಿ ತೀರ್ಮಾನ ಮಾಡಿದಳು. ಅವಳು ಟೀಚರು, ಶಾಲೆ ಇರುವುದು ಹಟ್ಟಿಕೇರಿಯ ಕಡೆ, ಕಾರವಾರಕ್ಕೆ ವಿರುದ್ಧ ದಿಕ್ಕಿನಲ್ಲಿ. ಪ್ರೇಕ್ಷಾ ಕಾರವಾರದ ಕಾಲೇಜಿನಲ್ಲಿ ಮೊದಲ ವರ್ಷದ ಬಿಎಸ್ಸಿ. ಮಗಳು ಹೇಗೂ ದಿನಾ ಹೋಗುತ್ತಾಳೆ. ಅಪ್ಪನನ್ನು ಕೂರಿಸಿಕೊಂಡು ಹೋಗಲಿ.

ಪ್ರೇಕ್ಷಾ ಅಂಕೋಲೆಯ ಡ್ರೈವಿಂಗ್ ಸ್ಕೂಲಿಗೆ ಸೇರಿ ಲೈಸೆನ್ಸು ತೆಗೆದಳು. ಅಪ್ಪನಂತೆಯೇ ಹಟದವಳು, ಅಪ್ಪನಂತೆಯೇ ನಾಲಿಗೆ ಚೂಪು. ಬಳ್ಳಾರಿ ಕಡೆಯಿಂದ ಅದಿರಿನ ಲಾರಿಗಳು ಹಗಲೂ ರಾತ್ರಿ ಬಾಳೆಗುಳಿಗೆ ಇಳಿದು ಕಾರವಾರದ ಬಂದರಿಗೆ ಓಡುತ್ತಿದ್ದ ಕಾಲ ಅದು. ಹೆದ್ದಾರಿಯ ಡಾಂಬರೇ ಕೆಂಪಾಗಿತ್ತು. ಆ ಲಾರಿಗಳ ನಡುವೆ ತಾನು ದಿನಾ ಓಡಿಸಬೇಕಾದ ಗಾಡಿ ಯಾವುದೆಂದು ಅವಳು ತುಂಬ ಯೋಚಿಸಿದ್ದಳು. ಗಾಡಿ ಸಣ್ಣದಿರಬೇಕು, ಬ್ರೇಕು ನಂಬುವಂತಿರಬೇಕು, ಕೂತಲ್ಲಿಂದ ನಾಲ್ಕೂ ಮೂಲೆ ಕಾಣಬೇಕು, ಕೆಟ್ಟರೆ ಅಂಕೋಲೆಯಲ್ಲೇ ಸಾಮಾನು ಸಿಗಬೇಕು. ಅಂದ ಚೆಂದ ಅವಳಿಗೆ ಬೇಕಿರಲಿಲ್ಲ.

ಮಂಗೇಶರಿಗೆ ಬೇಕಿದ್ದದ್ದು ಕಬ್ಬಿಣ. ಕಾರು ತೆಗೆದುಕೊಳ್ಳುವುದೇ ಹೌದಾದರೆ ಅಂಬಾಸಿಡರ್ ಎಂದರು. ಕೋಡಿಬಾಗದಲ್ಲಿ ಯಾರೋ ನಿವೃತ್ತರ ಮನೆಯಲ್ಲಿ ಒಂದು ಇತ್ತು; ಮೂವರೂ ಹೋದರು. ಪ್ರೇಕ್ಷಾ ಒಳಗೆ ಕೂತಳು. ಕ್ಲಚ್ಚು ಪೂರ್ತಿ ಒತ್ತಬೇಕಾದರೆ ಸೀಟಿನ ತುದಿಗೆ ಜಾರಬೇಕಿತ್ತು. ನಿಂತ ಗಾಡಿಯ ಸ್ಟೇರಿಂಗ್ ತಿರುಗಿಸಲು ಎರಡೂ ಕೈಯ ಬಲ ಸಾಲಲಿಲ್ಲ.

"ಬೆನ್ನಿಗೆ ದಿಂಬು ಇಟ್ಕಂಡ್ರಾಯ್ತು," ಎಂದರು ಮಂಗೇಶ.

"ದಿಂಬು ಇಟ್ಕಂಡು ಘಾಟಿ ಇಳ್ಸೂಕೆ ನಂಗಾಗೂದಿಲ್ಲ. ನಿಮ್ಗೆ ಅಷ್ಟು ಬೇಕಾದ್ರೆ ನೀವೇ ಓಡ್ಸಿ."

ಕಾರಿನ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಮಂಗೇಶ ರಸ್ತೆಯ ಕಡೆ ನಡೆದುಬಿಟ್ಟರು. ಬಸ್ಸಿನಲ್ಲಿ ಬರುವಾಗ ಅರ್ಗಾ ದಾಟುವವರೆಗೂ ಅವರ ದವಡೆ ಅಲ್ಲಾಡುತ್ತಿತ್ತು.

ಮುಂದಿನ ವಾರ ಅಂಕೋಲೆಯಲ್ಲಿ ವೈಜಯಂತಿಬಾಯಿ ಎಂಬ ನಿವೃತ್ತ ನರ್ಸಿನ ಬಿಳಿ ಮಾರುತಿ ನೋಡಲು ಹೋದಾಗ ಅವರು ಆ ಸಿಟ್ಟು ತೀರಿಸಿಕೊಂಡರು. ಪ್ರೇಕ್ಷಾಳಿಗೆ ಗಾಡಿ ಹಿಡಿಸಿತ್ತು. ಮಂಗೇಶ ಬಾಗಿಲನ್ನು ಬೆರಳ ಗಿಣ್ಣಿನಿಂದ ಕುಟ್ಟಿ, "ಇದೆಂತ ಬೆಂಕಿಪೊಟ್ಣ. ಲಾರಿ ಗಾಳಿಗೇ ಹಾರಿ ಹೋತದೆ," ಎಂದರು.

ಕಾಫಿ ತರಲು ಎದ್ದಿದ್ದ ವೈಜಯಂತಿಬಾಯಿ ಅಲ್ಲೇ ನಿಂತಳು. "ಇದೇ ಬೆಂಕಿಪೊಟ್ಣದಲ್ಲಿ ನಾ ಹದ್ಮೂರು ವರ್ಷ ಬಾಣಂತಿ ಮನೆಗೆ ಓಡಾಡಿದ್ದೆ. ನಿಮ್ಗೆ ಕೊಡೂದಿಲ್ಲ. ಹೊರಡಿ."

"ಅಪ್ಪ ಹೇಳಿದ್ದು ಮನಸ್ಸಿಗೆ ಹಚ್ಕಬೇಡಿ..." ಎಂದು ಪ್ರೇಕ್ಷಾ ಬಾಯಿ ತೆರೆದಳು.

"ನಿಂಗೂ ಅಷ್ಟೆ ತಂಗಿ. ಹೊರಡು."

ಗೇಟಿನ ಹೊರಗೆ ಅಪ್ಪ ಮಗಳು ರಸ್ತೆಯಲ್ಲೇ ನಿಂತು ಜಗಳವಾಡಿದರು. ಹೋಗುವವರು ಬರುವವರು ತಿರುಗಿ ನೋಡಿದರು. ಕಲಾವತಿ ಇಬ್ಬರಿಗೂ ಬೆನ್ನು ಹಾಕಿ ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟಳು.

ಈ ಹೊತ್ತಿಗೆ ಗೋವಾದ ವಾಸ್ಕೋದಿಂದ ಫೋನು ಬಂತು. ಮಂಗೇಶರ ತಮ್ಮ ಸತೀಶ ಅಲ್ಲಿ ಹಡಗಿನ ಏಜೆನ್ಸಿಯೊಂದರಲ್ಲಿ ಕೆಲಸಕ್ಕಿದ್ದ. ಅಪ್ಪ ಬೇಗ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿದ್ದು, ಕೆಲಸಕ್ಕೆ ಹಚ್ಚಿದ್ದು, ಮದುವೆ ಮಾಡಿದ್ದು ಎಲ್ಲ ಮಂಗೇಶರೇ. ಹಿತ್ತಲಿನ ಬಾವಿ ಯಾರ ಪಾಲಿಗೆ ಎಂಬ ಮಾತಿಗೆ ಅಣ್ಣ ತಮ್ಮಂದಿರು ಮುನಿಸಿಕೊಂಡು ಎರಡು ವರ್ಷವಾಗಿತ್ತು. ಸತೀಶ ಗಣೇಶ ಚೌತಿಗೂ ಬಂದಿರಲಿಲ್ಲ.

"ಅಣ್ಣಾ, ಕಾರು ಹುಡುಕ್ತಾ ಇದ್ರಿ ಅಂತ ಸುದ್ದಿ ಬಂತು. ಮನೇಲೇ ಕಾರು ಇಟ್ಕಂಡು ಹೊರಗೆ ಎಂತಕೆ ಹುಡುಕೂದು? ನಂದು ತಕಣಿ. ಸಂಕೇತಂಗೆ ಹೊಸದು ತಕಂಡಾಯ್ತು. ಪ್ರೇಕ್ಷಾ ನಂಗೆ ಬೇರೆಯ? ಅರ್ಧ ರೇಟಿಗೆ ಕೊಡ್ತೆ."

ಸಂಕೇತ ಸತೀಶನ ಒಬ್ಬನೇ ಮಗ. ಮಂಗೇಶ ಫೋನು ಇಟ್ಟರು. ಫೆಬ್ರವರಿಯ ನಂತರ ಮೊದಲ ಸಲ ಅವರ ಮುಖ ಅರಳಿತ್ತು. "ನೋಡ್ದ್ಯ," ಎಂದರು ಹೆಂಡತಿಗೆ. "ರಕ್ತ ಅಂದ್ರೆ ರಕ್ತವೇ."

ಮೇ ತಿಂಗಳ ಮೂರನೇ ಭಾನುವಾರ ಬೆಳಿಗ್ಗೆ ಸತೀಶ ಬಂದ. ಗೋವಾ ನಂಬರಿನ, ಡಿಕ್ಕಿಯ ಮೇಲೆ ರೆಕ್ಕೆ ಕೂರಿಸಿದ ಉದ್ದನೆಯ ಕೆಂಪು ಕಾರು. ಕೀಲಿ ತಿರುಗಿಸಿದರೆ ಇಡೀ ಕೇರಿಗೆ ಕೇಳುವ ಹಾಡು. ಅಕ್ಕಪಕ್ಕದ ನಾಲ್ಕೈದು ಜನ ಬೇಲಿಯ ಆಚೆ ಬಂದು ನಿಂತರು. ಮಂಗೇಶ ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಕೈಯಾಡಿಸಿ, ಎಲ್ಲರಿಗೂ ಕೇಳುವಂತೆ, "ಒಂದು ಗೀರಿಲ್ಲ. ಹೊಸ ಗಾಡಿ ಇದ್ದಂಗೇ ಅದೆ," ಎಂದರು.

"ಒಂದೇ ಕೈಯಲ್ಲಿ ಓಡಿದ್ದು ಅಣ್ಣಾ. ಹೂವಿನಂಗೆ ಇಟ್ಕಂಡಿದ್ದೆ," ಎಂದ ಸತೀಶ.

ಪ್ರೇಕ್ಷಾ ಎಡ ಬಾಗಿಲು ತೆರೆದಳು. ಅದನ್ನು ಮುಚ್ಚಲು ಎರಡು ಸಲ ದೂಡಬೇಕಾಯಿತು. ಬಾನೆಟ್ಟಿನ ಬಲಸಂದಿಯಲ್ಲಿ ಅವಳ ಕಿರುಬೆರಳು ಹೋಗಲಿಲ್ಲ. ಎಡಸಂದಿಯಲ್ಲಿ ಸಲೀಸಾಗಿ ಹೋಯಿತು.

"ಓಡ್ಸಿ ನೋಡ್ತೆ ಕಾಕಾ," ಎಂದಳು.

"ನೋಡೂದೆಂತ ಅದೆ?" ಎಂದರು ಮಂಗೇಶ. "ಅಂವ ಸುಳ್ಳು ಹೇಳ್ತ್ನ?"

"ಓಡ್ಸಬೇಕಾದ್ದು ನಾನು."

ಸತೀಶ ನಕ್ಕು ಪಕ್ಕದಲ್ಲಿ ಕೂತ. ಹೆದ್ದಾರಿಗೆ ಬಂದು ಅಂಕೋಲೆಯ ಕಡೆ ಹೊರಟರು. ಭಾನುವಾರವಾದ್ದರಿಂದ ಲಾರಿ ಕಡಿಮೆ. ಹಟ್ಟಿಕೇರಿ ಸೇತುವೆ ದಾಟಿದ ಮೇಲಿನ ನೇರ ರಸ್ತೆಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ ಅವಳು ಬ್ರೇಕನ್ನು ಗಟ್ಟಿಯಾಗಿ ಒತ್ತಿದಳು. ಕಾರು ನಿಲ್ಲುವ ಮೊದಲು ಮೂತಿಯನ್ನು ಎಡಕ್ಕೆ ತಿರುಗಿಸಿತು. ಎಡಗಡೆಯ ಎರಡು ಗಾಲಿ ಮಣ್ಣಿಗಿಳಿದವು.

"ಎಂತ ಮಾಡ್ತ್ಯೆ ನೀ!" ಎಂದು ಸತೀಶ ಕೂಗಿದ.

"ಎಡಕ್ಕೆ ಎಳೀತದೆ ಕಾಕಾ."

"ಗಾಳಿ ಕಮ್ಮಿ ಇರಬೇಕು. ಓಡ್ಸೂಕೆ ಬರೂದಿಲ್ಲ ಅಂದ್ರೆ ಗಾಡಿ ಮೇಲೆ ಎಂತಕೆ ಹಾಕ್ತೆ?"

ಅವಳು ಇನ್ನೊಮ್ಮೆ ಒತ್ತಿ ನೋಡಿದಳು. ಮತ್ತೆ ಎಡಕ್ಕೆ. ಬಾಳೆಗುಳಿ ಕ್ರಾಸಿನಲ್ಲಿ ಜಟ್ಟನ ಗ್ಯಾರೇಜು ತೆರೆದಿತ್ತು. "ಗಾಳಿ ನೋಡ್ಸುವ," ಎಂದು ಅವಳು ಅಲ್ಲಿಗೆ ತಿರುಗಿಸಿದಳು.

"ಇಲ್ಲಿ ಬ್ಯಾಡ. ಮುಂದೆ ಪೆಟ್ರೋಲ್ ಬಂಕಲ್ಲಿ ಹಾಕ್ಸುವ," ಎಂದ ಸತೀಶ. ಅಷ್ಟರಲ್ಲಿ ಕಾರು ನಿಂತಾಗಿತ್ತು.

ಜಟ್ಟ ಐವತ್ತು ದಾಟಿದ, ಮುಖ ಗಂಟಿಕ್ಕಿಯೇ ಇರುವ ಮನುಷ್ಯ. ಲಾರಿಯ ಕೆಳಗಿನಿಂದ ಹೊರಗೆ ಬಂದು ನಾಲ್ಕೂ ಗಾಲಿಯ ಗಾಳಿ ನೋಡಿದ. ಎಡ ಮುಂದಿನ ಟಯರಿನ ಒಳಅಂಚು ನೋಡಿದ. ಅಲ್ಲೇ ಕುಕ್ಕರುಗಾಲಲ್ಲಿ ಸ್ವಲ್ಪ ಹೊತ್ತು ಕೂತ. ಆಮೇಲೆ ಎದ್ದು ಕೈ ಒರೆಸಿಕೊಂಡ.

"ಗಾಳಿ ಸರಿ ಅದೆ."

"ಮತ್ತೆ ಎಡಕ್ಕೆ ಎಂತಕೆ ಎಳೀತದೆ ಜಟ್ಟಣ್ಣ?"

"ನಂಗೆಂತ ಗೊತ್ತು."

"ನಾ ಇದನ್ನ ತಕಣೂಕೆ ನೋಡ್ತಾ ಇದ್ದೆ. ದಿನಾ ಕಾರವಾರಕ್ಕೆ ಹೋಗಬೇಕು."

"ನಿಮ್ಮನೆ ಗಂಡಸ್ರನ್ನ ಕರ್ಕಂಡು ಬಾ ತಂಗಿ. ಹೆಣ್ಮಕ್ಳಿಗೆ ಒಂದು ಹೇಳೂದು, ನಾಳೆ ಮನೆಯವ್ರು ಬಂದು ನನ್ನ ಜತೆ ಕುಸ್ತಿ ಹಿಡಿಯೂದು, ಇದೆಲ್ಲ ನಂಗೆ ಬ್ಯಾಡ."

ಅಷ್ಟಕ್ಕೇ ಬಿಟ್ಟಿದ್ದರೆ ಜಟ್ಟ ಲಾರಿಯ ಕೆಳಗೆ ಹೋಗಿಬಿಡುತ್ತಿದ್ದ. ಆದರೆ ಸತೀಶ ಕಿಟಕಿಯಿಂದ ಹತ್ತರ ನೋಟೊಂದನ್ನು ಅವನ ಕಡೆ ಚಾಚಿ, "ನಿನ್ನ ಕೆಲ್ಸ ಗಾಳಿ ಹಾಕೂದು. ತಕಾ, ನಡಿ," ಎಂದ.

ಜಟ್ಟ ನೋಟು ಮುಟ್ಟಲಿಲ್ಲ. ನೇರ ಬಂದು ಸ್ಟೇರಿಂಗಿನ ಕೆಳಗಿನ ಹಿಡಿಕೆ ಎಳೆದು ಬಾನೆಟ್ಟು ಎತ್ತಿದ. "ಬಾ ತಂಗಿ ಇಲ್ಲಿ. ಈ ಬೋಲ್ಟು ನೋಡು. ಬಣ್ಣ ಎದ್ದದೆ, ಪಾನಾ ಹಾಕಿ ಬಿಚ್ಚಿದ್ರು. ಇದು ಚಾಸಿ, ಗಾಡಿ ಬೆನ್ನುಮೂಳೆ. ಇಲ್ಲಿ ಗೆರೆ ಕಾಣ್ತದ್ಯ? ಬೆಸುಗೆ. ಎಡಗಡೆ ಮುಂದಿನ ಭಾಗ ಪೂರ್ತಿ ಕತ್ತರ್ಸಿ ಬೇರೆ ಗಾಡಿದು ತಂದು ಕೂಡ್ಸಿದ್ರು. ಇದು ಒಂದು ಗಾಡಿ ಅಲ್ಲ, ಒಂದೂವರೆ. ಮತ್ತೊಂದ್ಸಲ ಎದುರು ಬಡಿದ್ರೆ ಈ ಜಾಗದಲ್ಲೇ ಬಿಡ್ತದೆ. ಎಂಜಿನು ಬಂದು ಎಡಗಡೆ ಕೂತವ್ರ ಮಡಿಲಲ್ಲಿ ಕೂರ್ತದೆ." ಬಾನೆಟ್ಟನ್ನು ಧಡ್ಡನೆ ಬಿಟ್ಟು ಸತೀಶನ ಕಡೆ ತಿರುಗಿದ. "ಹತ್ತು ರೂಪಾಯಿ ನೀವೇ ಇಟ್ಕಳಿ. ಬಣ್ಣ ಹಚ್ಚೂಕೆ ಬೇಕಾದೀತು."

ವಾಪಸು ಬರುವಾಗ ಸತೀಶ ತಾನೇ ಓಡಿಸಿದ. ಹಾಡು ಹಾಕಲಿಲ್ಲ. ಬೇಲೆಕೇರಿ ತಿರುವಿನ ಹತ್ತಿರ ಒಂದೇ ಮಾತು ಹೇಳಿದ: "ಮನೇಲಿ ಈ ಸುದ್ದಿ ಎತ್ತಬ್ಯಾಡ. ನಿನ್ನ ಅಪ್ಪಂಗೆ ಬೇಜಾರಾತದೆ. ರೇಟು ಇನ್ನೂ ಕಮ್ಮಿ ಮಾಡ್ತೆ."

ಪ್ರೇಕ್ಷಾ ಇದಕ್ಕೆ ಉತ್ತರವನ್ನು ಮನೆ ಮುಟ್ಟಿದ ಮೇಲೆ ಕೊಟ್ಟಳು. ಅಂಗಳದಲ್ಲಿ ಕಾರು ನಿಲ್ಲುತ್ತಲೇ ಇಳಿದು, "ಅಪ್ಪ, ಈ ಕಾರು ಬ್ಯಾಡ. ಎದುರು ಬಡಿಸ್ಕಂಡ ಗಾಡಿ. ಚಾಸಿ ಕತ್ತರ್ಸಿ ಬೆಸ್ದದ್ದು," ಎಂದಳು.

ಮಂಗೇಶ ಮಗಳನ್ನು ಬಿಟ್ಟು ತಮ್ಮನ ಕಡೆ ತಿರುಗಿದರು. "ಎಂತ ಹೇಳ್ತದೆ ಇದು?"

"ಯಾರೋ ದಾರಿ ಬದಿ ಮೆಕ್ಯಾನಿಕ್ಕು ತಲೆ ತುಂಬಿದ ಅಣ್ಣಾ. ಗೋವಾ ಗಾಡಿ ಕಂಡ್ರೆ ಇವ್ರಿಗೆ ಹೊಟ್ಟೆಕಿಚ್ಚು. ನೀವೇ ನೋಡಿ, ನಿಮ್ಗೆ ಗೊತ್ತಿಲ್ದೆ ಇರೂದ ಗಾಡಿ ಸುದ್ದಿ?"

ಸತೀಶ ತಾನೇ ಬಾನೆಟ್ಟು ಎತ್ತಿ ಹಿಡಿದ. ಅಣ್ಣನಿಗೆ ತನ್ನ ಮೇಲಿರುವ ನಂಬಿಕೆಯ ಮೇಲೆ ಅವನಿಗೆ ಅಷ್ಟು ಭರವಸೆ. ಬೇಲಿಯ ಆಚೆ ಜನ ಇನ್ನೂ ನಿಂತಿದ್ದರು. ಮಂಗೇಶ ಬಗ್ಗಿದರು. ಬಿಸಿಲು ನೇರ ಬೀಳುತ್ತಿತ್ತು. ಪ್ರೇಕ್ಷಾ ಬೆರಳು ಮಾಡಿ ತೋರಿಸಿದಳು: "ಇಲ್ಲಿ. ಈ ಗೆರೆ."

ಅವರು ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದರು. ಎದ್ದು ನಿಂತು, "ಎಂತ ಗೆರೆ? ಎಂತಾ ಇಲ್ಲ. ಸರಿ ಅದೆ," ಎಂದರು.

"ಅಪ್ಪ, ಸರಿ ನೋಡಿ."

"ನೋಡ್ದೆ ಅಂದ್ನಲ! ನೀ ಹುಟ್ಟೂಕಿಂತ ಮೊದ್ಲಿಂದ ಗಾಡಿ ನೋಡಿದಂವ ನಾನು. ನಿಂಗೆ ಬೇಕಾದ್ದು ಆ ಬೆಂಕಿಪೊಟ್ಣ. ಅದಕ್ಕೆ ನನ್ನ ತಮ್ಮನ್ನ ಜನರೆದ್ರಿಗೆ ಕಳ್ಳ ಮಾಡ್ತೆ. ಸತೀಶ, ಕೀಲಿ ತಾ. ಈ ಕಾರು ನಾ ತಕಂಡೆ."

ಪ್ರೇಕ್ಷಾ ತನ್ನ ಅಪ್ಪನನ್ನು ನೋಡಿದಳು. ಆ ಸೀಟಿನಲ್ಲಿ, ಎಡಗಡೆ, ನಾಳೆಯಿಂದ ದಿನಾ ಕೂರುವವರು ಇವರೇ. ಅವಳಿಗೆ ಹೆದರಿಕೆಯೂ ಆಯಿತು, ಸಿಟ್ಟೂ ಬಂತು. ಯಾವುದು ಮೊದಲು ಬಂತೆಂದು ಅವಳಿಗೆ ಆಮೇಲೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

"ಅಪ್ಪಂಗೆ ಕಣ್ಣು ಕಾಣೂದಿಲ್ಲ ಕಾಕಾ," ಎಂದಳು. ಗಟ್ಟಿಯಾಗಿಯೇ ಹೇಳಿದಳು. "ಡಾಕ್ಟ್ರು ಹೇಳಿದ್ರು. ಬಸ್ಸಿನ ಬೋರ್ಡೂ ಕಾಣೂದಿಲ್ಲ. ಈ ಗೆರೆ ಎಲ್ಲಿಂದ ಕಾಣ್ತದೆ?"

ಬೇಲಿಯ ಆಚೆ ಯಾರೋ ಕೆಮ್ಮಿದರು. ಕಲಾವತಿ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಮಂಗೇಶರ ಕೈ ಮೇಲೆ ಹೋಯಿತು. ಹೊಡೆಯುತ್ತಾರೆ ಎಂದು ಪ್ರೇಕ್ಷಾ ಕಣ್ಣು ಮುಚ್ಚಿದಳು. ಅವರು ಹೊಡೆಯಲಿಲ್ಲ.

"ಇವತ್ತಿಂದ ನೀ ನನ್ನ ಹತ್ರ ಮಾತಾಡೂದು ಬ್ಯಾಡ," ಎಂದರು.

ಕಲಾವತಿ ಅಂಗಳಕ್ಕಿಳಿದು ಬಂದಳು. ಮಗಳನ್ನು ಪಕ್ಕಕ್ಕೆ ದೂಡಿದಳು. ಮೈದುನನ ಮುಖವನ್ನೂ ನೋಡಲಿಲ್ಲ. ಗಂಡನ ಬಲಗೈ ಹಿಡಿದು ಬಾನೆಟ್ಟಿನೊಳಗೆ ತಂದು, ಮಗಳು ತೋರಿಸಿದ ಜಾಗದಲ್ಲಿ ಅವರ ಬೆರಳನ್ನು ಇಟ್ಟಳು.

"ಕೈಯಲ್ಲಿ ನೋಡಿ."

ಮಂಗೇಶರ ಹೆಬ್ಬೆರಳು ಬಣ್ಣದ ಕೆಳಗಿನ ಉಬ್ಬಿದ ಗೆರೆಯ ಮೇಲೆ ಒಂದು ಸಲ ಹೋಗಿ ಒಂದು ಸಲ ಬಂತು. ಇಪ್ಪತ್ತೇಳು ವರ್ಷ ಸ್ಕೂಟರು ಬಿಚ್ಚಿ ಕೂಡಿಸಿದ ಕೈ ಅದು. ಅವರು ಕೈ ಹಿಂತೆಗೆಯಲಿಲ್ಲ.

"ಯಾರು ಬಡಿಸಿದ್ದು?" ಎಂದು ಕೇಳಿದರು.

ಸತೀಶ ಬೇಲಿಯ ಕಡೆ ನೋಡಿದ.

"ಸಂಕೇತನ?"

"ವೆರ್ಣಾ ಹತ್ರ. ಜನವರಿಲಿ. ಲಾರಿದೇ ತಪ್ಪು."

"ಎಡಗಡೆ ಯಾರು ಕೂತಿದ್ದು?"

"ಅಂವನ ದೋಸ್ತ."

"ಎಂತ ಆಯ್ತು ಅಂವಂಗೆ?"

"ಎಂತಾ ಆಗ್ಲಿಲ್ಲ ಅಣ್ಣಾ. ತೊಡೆ ಮೂಳೆ... ಈಗ ಓಡಾಡ್ತ. ಕೋಲು ಹಿಡ್ಕಂಡು."

ಮಂಗೇಶ ಬಾನೆಟ್ಟಿನಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡರು. "ನಿನ್ನ ಮಗಂಗೆ ಇದು ಬ್ಯಾಡ ಅಂತ ಹೊಸದು ತಕಂಡೆ. ನನ್ನ ಮಗ್ಳಿಗೆ ಇದು ಸಾಕು."

"ನೀ ಮುಚ್ಚಿಡ್ಲಿಲ್ವ?" ಎಂದು ಸತೀಶನೂ ಸಿಡಿದ. ಸಿಕ್ಕಿಬಿದ್ದವನ ಧ್ವನಿ ಯಾವಾಗಲೂ ಸ್ವಲ್ಪ ಜೋರು. "ಕಣ್ಣು ಕಾಣದಂವ ಸರ್ಕಾರಿ ಕಾಗದಕ್ಕೆ ಸಹಿ ಹಾಕ್ತೆ. ಅದು ಸುಳ್ಳಲ್ವ? ನನ್ನ ಬೆಸುಗೆ ಒಂದೇ ದೊಡ್ಡದಾಯ್ತ?"

"ಅಡುಗೆ ಆಯ್ತು. ಉಂಡ್ಕಂಡು ಹೋಗು," ಎಂದರು ಮಂಗೇಶ. ಒಳಗೆ ಹೋಗುವಾಗ ಹೊಸ್ತಿಲು ಎಡವಿದರು. ಯಾರೂ ಹಿಡಿಯಲು ಹೋಗಲಿಲ್ಲ.

ಸತೀಶ ಉಣ್ಣಲಿಲ್ಲ. ಕೆಂಪು ಕಾರು ಹಿಮ್ಮುಖವಾಗಿ ಅಂಗಳದಿಂದ ಹೊರಟಾಗ ತುಳಸಿಕಟ್ಟೆಗೆ ಬಡಿಯಲು ಒಂದೇ ಗೇಣು ಉಳಿದಿತ್ತು. ಅವನ ಪಾಲಿನ ಬಂಗಡೆ ಸಾರು ಸಂಜೆವರೆಗೂ ಮುಚ್ಚಿಟ್ಟಲ್ಲೇ ಇತ್ತು.

"ನೀ ಹೇಳಿದ್ದು ಸರಿ," ಎಂದು ಆ ಸಂಜೆ ಕಲಾವತಿ ಮಗಳಿಗೆ ಹೇಳಿದಳು. ಪ್ರೇಕ್ಷಾಳಿಗೆ ಅಳು ಬಂತು. ಕಲಾವತಿ ಮುಂದುವರಿಸಿದಳು: "ಹೇಳಿದ ಜಾಗ ಸರಿ ಅಲ್ಲ. ಕಾರು ಬ್ಯಾಡ ಅನ್ನೂಕೆ ನಿಂಗೆ ಬಾಯಿತ್ತು, ಕೈಯಿತ್ತು. ನಿಂಗೆ ಗೆಲ್ಲಬೇಕಿತ್ತು, ಅದಕ್ಕೆ ಆ ಮಾತು ತೆಗ್ದೆ."

"ಮತ್ತೆ ಎಂತ ಮಾಡಬೇಕಿತ್ತು ಆಯಿ? ಅವ್ರು ಕೀಲಿ ಕೇಳಿ ಆಗಿತ್ತು."

ಕಲಾವತಿ ಮೀನಿನ ಪಾತ್ರೆ ತಿಕ್ಕುತ್ತ ಕೂತಳು.

ಜೂನ್ ಮೊದಲ ವಾರ ವೈಜಯಂತಿಬಾಯಿಯ ಮನೆಗೆ ಪ್ರೇಕ್ಷಾ ಒಬ್ಬಳೇ ಹೋಗಿ ತಪ್ಪಾಯಿತೆಂದಳು. ಕಾರು ಮಾರಿ ಹೋಗಿತ್ತು. ಕೊನೆಗೆ ಕಾರವಾರದಲ್ಲಿ, ಹುಬ್ಬಳ್ಳಿಗೆ ವರ್ಗವಾಗಿದ್ದ ಬ್ಯಾಂಕಿನವರೊಬ್ಬರ ಬೂದು ಬಣ್ಣದ ಸಣ್ಣ ಕಾರು ಸಿಕ್ಕಿತು. ಆರು ವರ್ಷ ಹಳೆಯದು. ಹಿಂದಿನ ಸೀಟಿನ ಬಟ್ಟೆ ಹರಿದಿತ್ತು. ಜಟ್ಟ ಗೊಣಗುತ್ತಲೇ ಬಾಳೆಗುಳಿಯಿಂದ ಬಂದು, ಅರ್ಧ ತಾಸು ಅದರ ಕೆಳಗೆ ಮಲಗಿದ್ದು, ಎದ್ದು, "ಹಳೆ ಗಾಡಿ. ಆದ್ರೆ ಸುಳ್ಳು ಹೇಳೂ ಗಾಡಿ ಅಲ್ಲ. ಬ್ರೇಕಿನ ಪ್ಯಾಡು ಬದ್ಲಿ ಮಾಡ್ಸು," ಎಂದ. ಮಂಗೇಶ ನೋಡಲು ಬರಲಿಲ್ಲ. ಕಲಾವತಿಯೇ ಮಾತು ಮುಗಿಸಿದಳು.

ಕಾರು ಮನೆಗೆ ಬಂದ ಮರುವಾರ ಕಚೇರಿಯಲ್ಲಿ ಮಂಗೇಶರನ್ನು ಸಾಹೇಬರು ಒಳಗೆ ಕರೆದರು. ಸುದ್ದಿ ಬಂದಿತ್ತು. ಬೇಲಿಯ ಆಚೆಯವರಿಂದ ಬಂತೋ, ಸತೀಶನ ಜೊತೆ ಓದಿ ಈಗ ಅದೇ ಕಚೇರಿಯಲ್ಲಿದ್ದ ಒಬ್ಬನಿಂದ ಬಂತೋ, ಯಾರೂ ಹೇಳಲಿಲ್ಲ. ವೈದ್ಯರ ಪತ್ರ ತರಲು ಹೇಳಿದರು. ಇಪ್ಪತ್ತೇಳು ವರ್ಷ ಫೈಲು ನೋಡಿದವರನ್ನು ಬಾಗಿಲ ಪಕ್ಕದ ಟಪಾಲಿನ ಮೇಜಿಗೆ ಹಾಕಿದರು. ಬಂದ ಲಕೋಟೆಗೆ ಮೊಹರು ಒತ್ತುವ ಕೆಲಸ.

ಇದನ್ನು ಪ್ರೇಕ್ಷಾಳಿಗೆ ಹೇಳಿದ್ದು ಅಪ್ಪನಲ್ಲ. ಸಂಜೆ ಕಚೇರಿಯ ಗೇಟಿನ ಹತ್ತಿರ ಕಾಯುತ್ತಿದ್ದಾಗ ತುಳಸಿದಾಸ ಕಾರಿನ ಕಿಟಕಿಗೆ ಬಗ್ಗಿದ. "ನೀನೇ ಅಲ್ವ ಮಗಳು? ನಿಮ್ಮ ಮನೆ ಜಗಳಕ್ಕೆ ನಂಗೆ ನೋಟಿಸು ಬಂತು. ಓದಿ ಹೇಳಿದ್ದು ತಪ್ಪಂತೆ. ಚೆನ್ನಾಗಾಯ್ತು, ಓಡ್ಸು ಕಾರು." ಅವಳು ಏನಾದರೂ ಹೇಳುವ ಮೊದಲೇ ಹೊರಟುಹೋದ.

ಮಂಗೇಶ ದಿನಾ ಹಿಂದಿನ ಸೀಟಿನಲ್ಲಿ, ಹರಿದ ಬಟ್ಟೆಯ ಮೇಲೆ, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಒಂದು ಮಾತಿಲ್ಲ. ಕಚೇರಿ ಬೇಗ ಬಿಟ್ಟರೆ ಹೇಳಬೇಕಾದದ್ದನ್ನು ಹಿಂದಿನ ದಿನವೇ ಕಲಾವತಿಗೆ ಹೇಳುತ್ತಿದ್ದರು. ಕಲಾವತಿ ಮಗಳಿಗೆ ಹೇಳುತ್ತಿದ್ದಳು. ಪ್ರೇಕ್ಷಾ ಮೊದಮೊದಲು ಏನಾದರೂ ಮಾತೆತ್ತಿದಳು. ಕನ್ನಡಿಯಲ್ಲಿ ಅಪ್ಪನ ಮುಖ ಕಿಟಕಿಯ ಕಡೆ ತಿರುಗಿಯೇ ಇರುತ್ತಿತ್ತು. ಕಿಟಕಿಯ ಹೊರಗೆ ಅವರಿಗೆ ಸರಿಯಾಗಿ ಕಾಣುವುದೇನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆಮೇಲೆ ಅವಳೂ ಸುಮ್ಮನಾದಳು.

ಜುಲೈ ಕೊನೆಯಲ್ಲಿ ಒಂದು ಬೆಳಿಗ್ಗೆ ಚೆಂಡಿಯಾ ದಾಟಿದ ಮೇಲೆ ಮಳೆ ಹೊಡೆಯತೊಡಗಿತು. ಬಿಣಗಾದ ಏರಿನಲ್ಲಿ ಎದುರಿನದು ಹತ್ತು ಮಾರು ಆಚೆ ಕಾಣುತ್ತಿರಲಿಲ್ಲ. ಅವಳು ಎರಡನೇ ಗೇರಿನಲ್ಲಿ ನಿಧಾನವಾಗಿಯೇ ಹತ್ತಿಸುತ್ತಿದ್ದಳು. ತಿರುವು ಕಳೆದ ಕೂಡಲೇ ಎದುರಿಗೆ ಅದಿರಿನ ಲಾರಿ: ಕೆಟ್ಟು ನಿಂತದ್ದು, ಹಿಂದೆ ದೀಪವಿಲ್ಲ, ಎಚ್ಚರಿಕೆಗೆ ಕಲ್ಲಿಲ್ಲ, ಸೊಪ್ಪಿಲ್ಲ. ಬಲಕ್ಕೆ ಎಳೆಯುವಂತಿಲ್ಲ, ಮೇಲಿನಿಂದ ಬಸ್ಸು ಇಳಿಯುತ್ತಿತ್ತು. ಅವಳು ಬ್ರೇಕಿನ ಮೇಲೆ ನಿಂತೇಬಿಟ್ಟಳು. ಕಾರು ಅತ್ತಿತ್ತ ಹೊರಳದೆ ನೇರ ನಿಂತಿತು. ಹಿಂದೆ ಊಟದ ಡಬ್ಬಿ ಬಿದ್ದು ಉರುಳಿದ ಸದ್ದು, ಮಂಗೇಶರ ಹಣೆ ಮುಂದಿನ ಸೀಟಿಗೆ ಬಡಿದ ಸದ್ದು.

"ಕಣ್ಣು ಕಾಣೂದಿಲ್ವೇನೆ ನಿಂಗೆ!"

ಎರಡು ತಿಂಗಳಲ್ಲಿ ಅವರು ಅವಳಿಗೆ ಆಡಿದ ಮೊದಲ ಮಾತು. ಆಡಿದ ಮೇಲೆ ಅವರಿಗೂ ಅದು ಕೇಳಿಸಿರಬೇಕು. ಬಸ್ಸು ಹಾರ್ನು ಹಾಕುತ್ತ ಪಕ್ಕದಿಂದ ಇಳಿದುಹೋಯಿತು. ವೈಪರು ಕಿರುಗುಡುತ್ತಿತ್ತು.

"ಲಾರಿ ನಿಂತದೆ ಅಪ್ಪ. ಲೈಟ್ ಇಲ್ಲ," ಎಂದಳು ಪ್ರೇಕ್ಷಾ. ಅವಳ ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು.

"ಎಷ್ಟು ದೂರದಲ್ಲಿ?"

"ಒಂದು ಮಾರೂ ಇಲ್ಲ."

ಅವರು ಹಣೆ ತಿಕ್ಕಿಕೊಂಡರು.

"ಅಪ್ಪ, ಅವತ್ತು ನಾ ಎಲ್ಲರೆದ್ರಿಗೆ ಹಂಗೆ ಹೇಳಬಾರದಿತ್ತು. ತಪ್ಪಾಯ್ತು."

"ಹೌದು, ತಪ್ಪಾಯ್ತು," ಎಂದರು ಮಂಗೇಶ. "ಕಾರು ಬ್ಯಾಡ ಅಂದದ್ದು ಸರಿ. ನನ್ನ ಕಣ್ಣಿನ ಸುದ್ದಿ ಆಡಿದ್ದು ಸರಿ ಅಲ್ಲ. ಒಂದರಲ್ಲಿ ಇನ್ನೊಂದು ವಜಾ ಹಾಕೂಕೆ ಬರೂದಿಲ್ಲ. ಆ ಮೇಜಿನಲ್ಲಿ ಕೂತು ಮೊಹರು ಒತ್ತೂವಾಗೆಲ್ಲ ನಂಗೆ ನಿನ್ನ ಧ್ವನಿ ಕೇಳ್ತದೆ."

ಅವಳು ರಸ್ತೆ ಮಂಜಾಗಬಾರದೆಂದು ಕಣ್ಣು ಬಲವಾಗಿ ಒರೆಸಿಕೊಂಡಳು.

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಮಂಗೇಶ ಆ ಮಳೆಯಲ್ಲಿ ಇಳಿದು, ಕಾರನ್ನು ಕೈಯಿಂದ ತಡವುತ್ತ ಬಂದು, ಮುಂದಿನ ಎಡ ಬಾಗಿಲು ತೆರೆದು ಕೂತರು. ಅಂಗಿ ಪೂರ್ತಿ ತೊಯ್ದಿತ್ತು.

"ಹಿಂದೆ ಕೂತ್ರೆ ಎಂತ ಬತ್ತದೆ, ಎಂತ ಹೋತದೆ ತಿಳಿಯೂದಿಲ್ಲ. ಎದ್ರಿಗೆ ಬಂದದ್ದನ್ನೆಲ್ಲ ಬಾಯಲ್ಲಿ ಹೇಳ್ತಾ ಓಡ್ಸು."

ಅವಳು ಹಿಂದೆ ನೋಡಿ, ಕಾರನ್ನು ಸ್ವಲ್ಪ ಹಿಂದಕ್ಕೆ ತಂದು, ಲಾರಿಯನ್ನು ಬಳಸಿ ಮೇಲೆ ಹತ್ತಿಸಿದಳು. ಏರು ಮುಗಿಯುವಷ್ಟರಲ್ಲಿ ಮಳೆ ತಗ್ಗಿತು. "ಎದ್ರಿಂದ ಟ್ಯಾಂಕರು," ಎಂದಳು. "ಹೋಯ್ತು. ಇಳಿಜಾರು. ಎಡಗಡೆ ಒಬ್ರು ಕೊಡೆ ಹಿಡ್ಕಂಡು ಹೋತಾ ಇದ್ರು. ಸಮುದ್ರದಲ್ಲಿ ಒಂದು ಹಡಗು..."

"ಹಡಗು ರಸ್ತೆ ಮೇಲೆ ಬತ್ತದ?" ಎಂದರು ಮಂಗೇಶ. "ಬೇಕಾದ್ದಷ್ಟು ಹೇಳು. ಮತ್ತೆ ಗೇರು ಬದ್ಲಿ ಮಾಡು, ಎಂಜಿನು ಒದರ್ತದೆ, ಕೇಳೂದಿಲ್ವ?"

ಅವಳು ಗೇರು ಬದಲಿಸಿದಳು.